ಗಣಿತದಿಂದ ವಿನಾಯಿತಿ ಕೊಡುವ ಮುನ್ನ ಗಣಿತ ಕಲಿಸಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ, ಹಾಗೂ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿಯನ್ನು ಗಮನವಿಟ್ಟು ನೋಡಿದರೆ, ಗಣಿತ ಪತ್ರಿಕೆ ಇರುವ ದಿನವೇ ಸಮಾಜಶಾಸ್ತ್ರ ಎಂಬ ಇನ್ನೊಂದು ವಿಷಯದ ಹೆಸರೂ ಕಾಣುತ್ತದೆ. ಅದು ಯಾರಿಗಾಗಿ ಎಂಬುದು ಹೆಚ್ಚಿನ ಪೋಷಕರಿಗೆ ಗೊತ್ತಿಲ್ಲ. ಗಣಿತ ಬರೆಯಲಾಗದ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದು ಕೊಟ್ಟಿರುವ ಪರ್ಯಾಯ ವಿಷಯ ಅದು. ಇಂಥದ್ದೊಂದು ದಾರಿ ಇರಲೇಬೇಕು, ಅದನ್ನು ಮುಚ್ಚಿ ಎಂದು ಯಾರೂ ಕೇಳಬಾರದು. ನಾನು ಕೇಳುತ್ತಿರುವುದು ಬೇರೆ. ಆ ದಾರಿ ಹಿಡಿಯುವ ಮೊದಲು ಒಂಬತ್ತು ವರ್ಷ ಆ ಮಗು ನಮ್ಮ ಶಾಲೆಗಳಲ್ಲೇ ಕೂತಿತ್ತಲ್ಲ, ಆಗ ನಾವು ಅದಕ್ಕೆ ಏನು ಕಲಿಸಿದೆವು?

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಡಿಸ್ಕ್ಯಾಲ್ಕುಲಿಯಾ, ಅಂದರೆ ಗಣಿತ ಕಲಿಕಾ ನ್ಯೂನತೆ ಇರುವ ಮಕ್ಕಳ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಸ್ಟಾಫ್ ರೂಮುಗಳಲ್ಲಿ ಈ ಹೆಸರು ಅಪರೂಪಕ್ಕೂ ಕೇಳಿಬರುವುದಿಲ್ಲ. ಕೇಳಿಬರುವುದು 'ಅವನಿಗೆ ಲೆಕ್ಕ ತಲೆಗೆ ಹತ್ತಲ್ಲ', 'ನಿಧಾನ ಕಲಿಕೆಯ ಮಗು', 'ಎಷ್ಟು ಹೇಳಿದರೂ ಅಷ್ಟೇ ಬಿಡಿ ಮೇಡಂ' ಎಂಬ ಮಾತುಗಳು.

ಏಳನೇ ತರಗತಿಯ ಒಬ್ಬ ಹುಡುಗಿಯ ಬಗ್ಗೆ ಹೇಳುತ್ತೇನೆ. ಕನ್ನಡ ಪಾಠವನ್ನು ಅವಳಷ್ಟು ಚೆನ್ನಾಗಿ ಓದುವವರು ತರಗತಿಯಲ್ಲಿ ಇಲ್ಲ. ಪದ್ಯ ಒಂದೆರಡು ಸಲ ಕೇಳಿದರೆ ಸಾಕು, ರಾಗದ ಸಮೇತ ಒಪ್ಪಿಸುತ್ತಾಳೆ. ಆದರೆ ಎಂಟಕ್ಕೆ ಏಳು ಕೂಡಿಸು ಎಂದರೆ ಮೇಜಿನ ಕೆಳಗೆ ಬೆರಳು ಮಡಚಲು ಶುರು ಮಾಡುತ್ತಾಳೆ, ಅದೂ ಒಂದರಿಂದ. ಹದಿನೈದು ಎಂಬ ಉತ್ತರ ಬರುತ್ತದೆ. ಐದು ನಿಮಿಷ ಬಿಟ್ಟು ಅದೇ ಲೆಕ್ಕ ಕೊಟ್ಟರೆ ಮತ್ತೆ ಒಂದರಿಂದಲೇ ಎಣಿಕೆ. ನೂರ ಐದು ಬರೆ ಎಂದರೆ 1005 ಎಂದು ಬರೆಯುತ್ತಾಳೆ. ಕಿವಿಗೆ ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದಾಳೆ, ಮೊದಲು ನೂರು, ಆಮೇಲೆ ಐದು. 68 ದೊಡ್ಡದೋ 86 ದೊಡ್ಡದೋ ಎಂದರೆ ನನ್ನ ಮುಖ ನೋಡುತ್ತಾಳೆ. ಗಡಿಯಾರ ನೋಡುವುದನ್ನು ತಪ್ಪಿಸಿಕೊಳ್ಳುತ್ತಾಳೆ. ಅಂಗಡಿಗೆ ಹೋದರೆ ದೊಡ್ಡ ನೋಟು ಕೊಟ್ಟು, ಎಷ್ಟು ಚಿಲ್ಲರೆ ವಾಪಸ್ ಬಂತೋ ಅಷ್ಟನ್ನು ಎಣಿಸದೆ ಜೇಬಿಗೆ ಹಾಕಿಕೊಂಡು ಬರುತ್ತಾಳೆ. ಇವಳನ್ನು ದಡ್ಡಿ ಎಂದು ಕರೆಯಲು ಯಾವ ಆಧಾರವಿದೆ? ಓದು ಬರೆಹದಲ್ಲಿ ಮುಂದಿರುವ ಮಗು ಲೆಕ್ಕದಲ್ಲಿ ಮಾತ್ರ ಎರಡನೇ ತರಗತಿಯಲ್ಲೇ ನಿಂತುಬಿಟ್ಟಿದೆ ಎಂದರೆ, ಕಾರಣವನ್ನು ಸೋಮಾರಿತನದಲ್ಲಿ ಹುಡುಕುವುದು ಅನ್ಯಾಯ.

ಕಾರಣದ ಬಗ್ಗೆ ವಿಜ್ಞಾನಿಗಳು ಐವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಆಗಿನ ಚೆಕೊಸ್ಲೊವಾಕಿಯಾದ ಲಾಡಿಸ್ಲಾವ್ ಕೊಶ್ಚ್ 1974ರಲ್ಲೇ ಬೆಳವಣಿಗೆಯ ಹಂತದ ಡಿಸ್ಕ್ಯಾಲ್ಕುಲಿಯಾವನ್ನು ವಿವರಿಸಿ, ಇದು ಒಟ್ಟಾರೆ ಬುದ್ಧಿಶಕ್ತಿಯ ಕೊರತೆಯಲ್ಲ, ಗಣಿತದ ಸಾಮರ್ಥ್ಯಕ್ಕೆ ಆಧಾರವಾದ ಮಿದುಳಿನ ಭಾಗಗಳಿಗೆ ಸಂಬಂಧಿಸಿದ್ದು ಎಂದರು. ಲಂಡನ್ನಿನ ಬ್ರಯಾನ್ ಬಟರ್‌ವರ್ತ್ ಮುಂತಾದವರು, ಎಷ್ಟು ವಸ್ತುಗಳಿವೆ ಎಂಬುದನ್ನು ಗ್ರಹಿಸುವ ಮೂಲ ಸಂಖ್ಯಾಪ್ರಜ್ಞೆಯೇ ಇಂಥ ಮಕ್ಕಳಲ್ಲಿ ದುರ್ಬಲವಾಗಿರುತ್ತದೆ ಎಂದು ವಾದಿಸಿದರು. ಸಂಖ್ಯೆಯ ಪ್ರಮಾಣವನ್ನು ಗ್ರಹಿಸುವಾಗ ಮಿದುಳಿನ ಪಾರ್ಶ್ವಭಾಗದ ಒಂದು ಮಡಿಕೆ ಚುರುಕಾಗುತ್ತದೆ. ಡಿಸ್ಕ್ಯಾಲ್ಕುಲಿಯಾ ಇರುವವರಲ್ಲಿ ಅದರ ರಚನೆಯಲ್ಲೂ ಕೆಲಸದಲ್ಲೂ ವ್ಯತ್ಯಾಸಗಳು ಕಂಡುಬಂದಿವೆ. ವಿವಿಧ ದೇಶಗಳ ಅಧ್ಯಯನಗಳು ಸಾಮಾನ್ಯವಾಗಿ ನೂರಕ್ಕೆ 3ರಿಂದ 7 ಮಕ್ಕಳಿಗೆ ಈ ತೊಂದರೆ ಇದೆ ಎನ್ನುತ್ತವೆ. ಅಂದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ಪ್ರತಿ ಊರಲ್ಲೂ, ಪ್ರತಿ ಶಾಲೆಯಲ್ಲೂ, ಪ್ರತಿ ವರ್ಷವೂ.

ಸಂಖ್ಯಾಪ್ರಜ್ಞೆ ಎಂದರೇನು ಎಂದು ತಿಳಿಯಲು ಚೌಕಾಬಾರ ಆಡುವ ಮಕ್ಕಳ ಪಕ್ಕ ಕೂತರೆ ಸಾಕು. ನಾಲ್ಕು ಕವಡೆ ನೆಲಕ್ಕೆ ಬಿದ್ದ ಕೂಡಲೇ ಮಕ್ಕಳು 'ಮೂರು' ಎನ್ನುತ್ತಾರೆ, 'ಚೌಕ' ಎನ್ನುತ್ತಾರೆ, ಎಲ್ಲವೂ ಕವುಚಿ ಬಿದ್ದರೆ 'ಬಾರ' ಎಂದು ಕೂಗಿ ಕಾಯಿಯನ್ನು ಎಂಟು ಮನೆ ಮುಂದೆ ನಡೆಸುತ್ತಾರೆ. ಯಾರೂ ಎಣಿಸುವುದಿಲ್ಲ, ಕಣ್ಣಿಗೆ ಬಿದ್ದೊಡನೆ ಗೊತ್ತಾಗುತ್ತದೆ. ನಾನು ಹೇಳಿದ ಹುಡುಗಿ ಮಾತ್ರ ಮೂರು ಕವಡೆ ಅಂಗಾತ ಬಿದ್ದಿದ್ದರೂ ಒಂದೊಂದಕ್ಕೂ ಬೆರಳು ತೋರಿಸಿ ಎಣಿಸುತ್ತಾಳೆ. ಕಾಯಿ ನಡೆಸುವಾಗ, ತಾನು ನಿಂತಿರುವ ಮನೆಯನ್ನೂ ಒಂದು ಎಂದು ಲೆಕ್ಕ ಹಿಡಿಯುತ್ತಾಳೆ. ಇದೊಂದರಿಂದಲೇ ಡಿಸ್ಕ್ಯಾಲ್ಕುಲಿಯಾ ಎಂದು ತೀರ್ಮಾನಿಸುವುದು ತಪ್ಪು. ಆದರೆ ಈ ಮಗುವಿನ ಕಡೆ ಸ್ವಲ್ಪ ಹೆಚ್ಚು ಗಮನ ಕೊಡಬೇಕು ಎಂದು ತಿಳಿಯಲು ಇಷ್ಟು ಸಾಕು, ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಸಚಿವರೇ, ಕಾನೂನಿನಲ್ಲಿ ಕೊರತೆ ಇಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಸೇರಿಸಿತು. ಅದರ ವಿವರಣೆಯಲ್ಲಿ ಓದಿನ ತೊಂದರೆಯಾದ ಡಿಸ್ಲೆಕ್ಸಿಯಾ, ಬರೆಹದ ತೊಂದರೆಯಾದ ಡಿಸ್ಗ್ರಾಫಿಯಾ ಜೊತೆಗೆ ಡಿಸ್ಕ್ಯಾಲ್ಕುಲಿಯಾದ ಹೆಸರೂ ಇದೆ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಹಚ್ಚಿ, ತಕ್ಕ ಬೋಧನಾ ಕ್ರಮ ಕೈಗೊಳ್ಳುವಂತೆ ಅದೇ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ, ಮೂರನೇ ತರಗತಿಯಲ್ಲಿ ಅಥವಾ ಎಂಟನೇ ವಯಸ್ಸಿನಲ್ಲಿ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಶಾಲೆಗಳ ಶಿಕ್ಷಕರೂ ಪ್ರಾಥಮಿಕ ತಪಾಸಣೆ ಮಾಡಬೇಕು. ನಾನು ಕಂಡ ಶಾಲೆಗಳಲ್ಲಿ ಮೂರನೇ ತರಗತಿಯ ಶಿಕ್ಷಕರ ಕೈಗೆ ಇದಕ್ಕೆಂದು ಒಂದು ಹಾಳೆಯೂ ಬಂದಿಲ್ಲ. ಶಿಕ್ಷಕರ ಮೇಲೆ ಇದರ ತಪ್ಪು ಹೊರಿಸಲಾಗದು. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಮಕ್ಕಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ಗೆ ಮಾಹಿತಿ ತುಂಬುವುದು ಎಂದು ಅವರ ಕೈಗೆ ನೂರೆಂಟು ಹಾಳೆ ಬರುತ್ತವೆ. ಈ ಒಂದು ಮಾತ್ರ ಬರುವುದಿಲ್ಲ.

ಹೀಗಾಗಿ ನಡೆಯುವುದೇನು? ಒಂದರಿಂದ ಮೂರರವರೆಗೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಇಡೀ ರಾಜ್ಯಕ್ಕೆ ಹಬ್ಬಿದ ಈ ಪದ್ಧತಿಯ ಬಗ್ಗೆ ನನಗೆ ಹೆಮ್ಮೆಯಿದೆ. ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ, ಕೈಯಲ್ಲಿ ಮಣಿ, ಕಡ್ಡಿ, ಕಾರ್ಡು ಇರುತ್ತವೆ. ಡಿಸ್ಕ್ಯಾಲ್ಕುಲಿಯಾ ಇರುವ ಮಗು ಅಲ್ಲಿ ಹಿಂದೆ ಉಳಿದರೂ ಅವಮಾನವಿಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಪಠ್ಯಪುಸ್ತಕ, ಕಪ್ಪುಹಲಗೆ, ಎಲ್ಲರಿಗೂ ಒಂದೇ ಪುಟ. ಕೈಯಿಂದ ಕಡ್ಡಿ ಜಾರಿ ಹೋಗುತ್ತದೆ, ಅಂಕಿ ಮಾತ್ರ ಉಳಿಯುತ್ತದೆ. ಈ ಮಕ್ಕಳು ಕೈಬಿಟ್ಟು ಹೋಗುವುದು ಇಲ್ಲೇ ಎಂಬುದು ನನ್ನ ಅನುಭವ. ಮುಂದಿನ ತರಗತಿಗಳಲ್ಲಿ ಭಿನ್ನರಾಶಿ, ಋಣಸಂಖ್ಯೆ, ಬೀಜಗಣಿತ ಒಂದರ ಮೇಲೊಂದು ಬರುತ್ತವೆ, ಬುಡದಲ್ಲಿ 'ಹತ್ತು' ಎಂಬುದೇ ಕೂತಿರುವುದಿಲ್ಲ. ಪ್ರೌಢಶಾಲೆಗೆ ಹೋದ ಮೇಲೆ ಪಾಸಿಂಗ್ ಪ್ಯಾಕೇಜ್ ಕಾದಿರುತ್ತದೆ: ಒಂದು ಪ್ರಮೇಯ ಬಾಯಿಪಾಠ, ನಕ್ಷೆ ಬಿಡಿಸುವ ಒಂದು ಲೆಕ್ಕ, ಕೆಲವು ಸೂತ್ರ. ಫಲಿತಾಂಶದ ಒತ್ತಡದಲ್ಲಿರುವ ಶಿಕ್ಷಕರು ಇದನ್ನಾದರೂ ಮಾಡಿ ಮಕ್ಕಳನ್ನು ದಡ ಮುಟ್ಟಿಸುತ್ತಾರೆ, ಅವರ ಶ್ರಮ ದೊಡ್ಡದು. ಆದರೆ ಪ್ರಮೇಯ ಒಪ್ಪಿಸಿ ಪಾಸಾದ ಹುಡುಗನಿಗೆ ಇನ್ನೂರು ರೂಪಾಯಿಯಲ್ಲಿ 135 ಕಳೆದರೆ ಎಷ್ಟು ಉಳಿಯುತ್ತದೆ ಎಂದು ಹೇಳಲು ಬರುವುದಿಲ್ಲ.

ಹಾಗಾದರೆ ಇವರಿಗೆ ಕಲಿಸಲು ಬರುತ್ತದೆಯೇ? ಬರುತ್ತದೆ. ಇದನ್ನು ನಾನು ಪೂರ್ತಿ ವಿಶ್ವಾಸದಿಂದ ಹೇಳುತ್ತೇನೆ. ಪವಾಡವಿಲ್ಲ, ಔಷಧವಿಲ್ಲ, ಒಂದು ತಿಂಗಳ ಶಿಬಿರದಲ್ಲಿ ಆಗುವ ಕೆಲಸವೂ ಅಲ್ಲ. ಆದರೆ ಬರುತ್ತದೆ.

52ರಲ್ಲಿ 27 ಕಳೆಯುವ ಲೆಕ್ಕವನ್ನೇ ತೆಗೆದುಕೊಳ್ಳಿ. ನಮ್ಮ ಹುಡುಗಿ 35 ಎಂದು ಬರೆಯುತ್ತಾಳೆ. ಕೆಂಪು ಶಾಯಿಯ ಒಂದು ತಪ್ಪು ಗುರುತು ಹಾಕಿ ಮುಂದೆ ಹೋಗುವುದು ಸುಲಭ. ಆದರೆ ಅವಳು ಹೇಗೆ 35 ತಂದಳು ಎಂದು ಕೇಳಿದರೆ, ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು ಎನ್ನುತ್ತಾಳೆ. ಚಿಕ್ಕದರಲ್ಲಿ ದೊಡ್ಡದನ್ನು ಕಳೆಯಲು ಬರುವುದಿಲ್ಲ ಎಂದು ಯಾರೋ ಹೇಳಿದ್ದನ್ನು ಅವಳು ಚಾಚೂ ತಪ್ಪದೆ ಪಾಲಿಸಿದ್ದಾಳೆ, ಮೇಲಿನದು ಕೆಳಗಿನದು ನೋಡದೆ ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿದ್ದಾಳೆ. ಇದು ಅಜಾಗರೂಕತೆಯಲ್ಲ. ಅವಳಿಗೆ 52 ಎಂಬುದು ಅಕ್ಕಪಕ್ಕ ನಿಂತ 5 ಮತ್ತು 2, ಅಷ್ಟೇ. ಐವತ್ತು ಎಂಬ ಗಾತ್ರ ಅದರಲ್ಲಿ ಕಾಣುವುದಿಲ್ಲ.

ಇಲ್ಲಿ ಹಲಗೆ ಬಿಟ್ಟು ನೆಲಕ್ಕೆ ಇಳಿಯಬೇಕು. ತೆಂಗಿನ ಗರಿಯ ಕಡ್ಡಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ಹತ್ತತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇವೆ. ಕಟ್ಟನ್ನು ಮಗುವೇ ಕಟ್ಟಬೇಕು, ನಾನು ಕಟ್ಟಿಕೊಟ್ಟರೆ ಪ್ರಯೋಜನವಿಲ್ಲ. ಐದು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟರೆ 52. ಇಪ್ಪತ್ತೇಳು ತೆಗೆದುಕೊಡು ಎನ್ನುತ್ತೇನೆ. ಎರಡು ಕಟ್ಟು ಸಲೀಸಾಗಿ ಕೊಡುತ್ತಾಳೆ. ಏಳು ಬಿಡಿ ಕಡ್ಡಿ ಬೇಕು, ಇರುವುದು ಎರಡು. ಇಲ್ಲಿ ನಾನು ಬಾಯಿ ಮುಚ್ಚಿಕೊಂಡು ಕಾಯುತ್ತೇನೆ, ಕಾಯುವುದೇ ಈ ಪಾಠದ ಕಷ್ಟದ ಭಾಗ. ಕೊನೆಗೆ ಅವಳೇ ಒಂದು ಕಟ್ಟಿನ ರಬ್ಬರ್ ಬಿಚ್ಚುತ್ತಾಳೆ. ಹನ್ನೆರಡು ಬಿಡಿ ಕಡ್ಡಿಯಾಯಿತು, ಏಳು ಕೊಟ್ಟಳು, ಎದುರಿಗೆ ಎರಡು ಕಟ್ಟು, ಐದು ಕಡ್ಡಿ. 'ದಶಕದಿಂದ ಸಾಲ ತಗೊ' ಎಂದು ವರ್ಷಗಟ್ಟಲೆ ಅವಳು ಕೇಳಿದ್ದು ಏನು ಎಂಬುದು ಆ ರಬ್ಬರ್ ಬಿಚ್ಚಿದಾಗ ಅವಳ ಕೈಗೆ ತಿಳಿಯಿತು.

ಮರುದಿನ ಅದೇ ಲೆಕ್ಕ ಚಿತ್ರದಲ್ಲಿ: ಕಟ್ಟಿಗೊಂದು ಉದ್ದ ಗೆರೆ, ಬಿಡಿ ಕಡ್ಡಿಗೊಂದು ಚುಕ್ಕಿ. ಕೆಲವು ದಿನ ಕಳೆದ ಮೇಲೆ ಚಿತ್ರದ ಪಕ್ಕದಲ್ಲಿ ಅಂಕಿ. ಆಮೇಲೆ ಬರೀ ಅಂಕಿ. ವಸ್ತು, ಚಿತ್ರ, ಸಂಕೇತ ಎಂಬ ಈ ಕ್ರಮ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ವಿಚಾರದಿಂದ ಬಂದದ್ದು. ಸಿಂಗಪುರದ ಶಾಲೆಗಳು ಇದೇ ಜಾಡಿನಲ್ಲಿ ಗಣಿತ ಕಲಿಸುತ್ತವೆ. ಎಲ್ಲ ಮಕ್ಕಳಿಗೂ ಇದು ಒಳ್ಳೆಯದು. ಡಿಸ್ಕ್ಯಾಲ್ಕುಲಿಯಾ ಇರುವ ಮಗುವಿಗೆ ಇದು ಅನಿವಾರ್ಯ, ಅದೂ ಬೇರೆಯವರಿಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಸಲ, ಬಹಳ ಚಿಕ್ಕ ಹೆಜ್ಜೆಗಳಲ್ಲಿ. ಒಂದು ಹಂತ ಗಟ್ಟಿಯಾಗುವ ಮೊದಲೇ ಕಡ್ಡಿ ಕಿತ್ತುಕೊಂಡರೆ ಎಲ್ಲವೂ ಮೊದಲಿಗೆ ಬರುತ್ತದೆ.

ಇನ್ನೊಂದು ಸಾಧನ ಸಂಖ್ಯಾರೇಖೆ. 27ರಿಂದ 52ಕ್ಕೆ ನಡೆದು ಹೋಗು ಎಂದರೆ ಅವಳು 27ರಿಂದ 30ಕ್ಕೆ ಮೂರು, 30ರಿಂದ 50ಕ್ಕೆ ಇಪ್ಪತ್ತು, 50ರಿಂದ 52ಕ್ಕೆ ಎರಡು ಎಂದು ಹಾರುತ್ತಾಳೆ, ಒಟ್ಟು ಇಪ್ಪತ್ತೈದು. ನಮ್ಮ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರು ಚಿಲ್ಲರೆ ಎಣಿಸಿ ಕೊಡುವುದೂ ಹೀಗೆಯೇ. 'ದಶಕ ಕಳೆಯುವ' ಕ್ರಮಕ್ಕಿಂತ ಈ ದಾರಿ ಅವಳಿಗೆ ಹಿಡಿಸಿತು. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಕೊಡಬೇಕೋ ಬೇಡವೋ ಎಂಬ ಗೊಂದಲ ನಮ್ಮ ಅನೇಕ ಶಿಕ್ಷಕರಿಗಿದೆ. ಕೊಡಬೇಕು ಎಂದು ನೀವು ಒಂದು ಸುತ್ತೋಲೆಯಲ್ಲಿ ಬರೆದುಬಿಟ್ಟರೆ ಎಷ್ಟೋ ಮಕ್ಕಳು ಉಳಿದುಕೊಳ್ಳುತ್ತಾರೆ.

ಮಗ್ಗಿಯ ವಿಷಯಕ್ಕೆ ಬಂದರೆ ಹಿರಿಯರಿಗೆ ಸಿಟ್ಟು ಬರಬಹುದು. ನಮ್ಮ ನಾಡಿನಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಹೇಳಿಸುವ ರೂಢಿ ಎಷ್ಟೋ ತಲೆಮಾರಿನದು, ನನಗೂ ಅದು ಪ್ರಿಯವೇ. ಆದರೆ ರಾಗದಲ್ಲಿ ಮಗ್ಗಿ ಒಪ್ಪಿಸುವ ಮಗುವಿಗೆ ಅದರ ಅರ್ಥ ಗೊತ್ತಿದೆ ಎಂದು ಭಾವಿಸಬೇಡಿ. ಈ ಹುಡುಗಿಗೆ ಏಳೆಂಟ್ಲ ಎಷ್ಟು ಎಂದರೆ ಏಳೊಂದ್ಲ ಏಳು ಎಂಬಲ್ಲಿಂದ ಹಾಡಬೇಕು, ನಡುವೆ ಎಡವಿದರೆ ಮತ್ತೆ ಮೊದಲಿಂದ. ಅವಳಿಗೆ ಐದರ ಮಗ್ಗಿ, ಎರಡರ ಮಗ್ಗಿ, ಹತ್ತರ ಮಗ್ಗಿ ಗಟ್ಟಿ. ಹಾಗಾಗಿ ಏಳೈದ್ಲ ಮೂವತ್ತೈದು, ಏಳ್ಮೂರ್ಲ ಇಪ್ಪತ್ತೊಂದು, ಎರಡೂ ಕೂಡಿದರೆ ಐವತ್ತಾರು ಎಂದು ಕಟ್ಟಿಕೊಳ್ಳುವುದನ್ನು ಕಲಿಸಿದೆವು. ಚೌಕುಳಿ ಹಾಳೆಯಲ್ಲಿ ಏಳು ಸಾಲು, ಎಂಟು ಕಂಬ ಬಿಡಿಸಿ, ಐದು ಕಂಬದ ನಂತರ ಬಣ್ಣದ ಗೆರೆ ಎಳೆದರೆ ಅದು ಕಣ್ಣಿಗೇ ಕಾಣುತ್ತದೆ. ನಿಧಾನವೇ ಇರಬಹುದು, ಆದರೆ ಮರೆತರೂ ಮತ್ತೆ ಕಟ್ಟಿಕೊಳ್ಳಬಲ್ಲಳು. ಜೊತೆಗೆ ನೋಟ್‌ಬುಕ್ಕಿನ ಹಿಂದೆ ಮಗ್ಗಿಯ ಪಟ್ಟಿ ಅಂಟಿಸಿಕೊಳ್ಳಲು ಬಿಟ್ಟಿದ್ದೇನೆ. ಮಗ್ಗಿ ಬಾರದ ಕಾರಣಕ್ಕೆ ಭಿನ್ನರಾಶಿ, ಕ್ಷೇತ್ರಫಲ, ಶೇಕಡಾವಾರು ಯಾವುದನ್ನೂ ಕಲಿಯದೆ ಕೂರುವುದಕ್ಕಿಂತ, ಪಟ್ಟಿ ನೋಡಿಕೊಂಡು ಅವನ್ನೆಲ್ಲ ಕಲಿಯುವುದು ಸಾವಿರ ಪಾಲು ಮೇಲು.

ಮಾತಿನ ಲೆಕ್ಕಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 'ರವಿಯ ಬಳಿ 12 ಮಾವಿನಹಣ್ಣುಗಳಿವೆ. ಇವು ಗೀತಾಳ ಬಳಿ ಇರುವುದಕ್ಕಿಂತ 5 ಹೆಚ್ಚು. ಗೀತಾಳ ಬಳಿ ಎಷ್ಟಿವೆ?' ಎಂದರೆ ಅರ್ಧ ತರಗತಿ 17 ಎನ್ನುತ್ತದೆ. 'ಹೆಚ್ಚು ಅಂದರೆ ಕೂಡಿಸು, ಉಳಿದದ್ದು ಅಂದರೆ ಕಳೆ' ಎಂದು ನಾವೇ ಅಡ್ಡದಾರಿ ಹೇಳಿಕೊಟ್ಟಿರುತ್ತೇವೆ. ಉಳಿದ ಮಕ್ಕಳು ಎರಡನೇ ಸಲ ಓದಿ ತಿದ್ದಿಕೊಳ್ಳುತ್ತಾರೆ, ಡಿಸ್ಕ್ಯಾಲ್ಕುಲಿಯಾ ಇರುವ ಮಗು ಅಲ್ಲೇ ಸಿಕ್ಕಿಬೀಳುತ್ತದೆ. ರವಿಗೊಂದು ಉದ್ದ ಪಟ್ಟಿ, ಗೀತಾಳಿಗೊಂದು ಗಿಡ್ಡ ಪಟ್ಟಿ ಬಿಡಿಸಿದರೆ ಯಾರ ಬಳಿ ಕಡಿಮೆ ಎಂಬುದು ಮೊದಲು ಗೊತ್ತಾಗುತ್ತದೆ, ಲೆಕ್ಕ ಆಮೇಲೆ.

ಇದಕ್ಕೆಲ್ಲ ಹೊಸ ಸಾಮಗ್ರಿ ಖರೀದಿಸುವ ಅಗತ್ಯವೂ ಹೆಚ್ಚಿಲ್ಲ. ಅಕ್ಷರ ಫೌಂಡೇಶನ್ ಜೊತೆ ಸೇರಿ ರಾಜ್ಯ ಸರ್ಕಾರ ನಡೆಸಿದ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆಗಳು ನಾಲ್ಕು, ಐದನೇ ತರಗತಿಗೆಂದು ಶಾಲೆಗಳಿಗೆ ಬಂದಿವೆ. ಮಣಿಕಟ್ಟು, ದಶಮಾನದ ಬಿಲ್ಲೆಗಳು, ಭಿನ್ನರಾಶಿ ಪಟ್ಟಿಗಳು, ಗಡಿಯಾರ, ಆಟದ ನೋಟುಗಳು ಎಲ್ಲವೂ ಅದರಲ್ಲಿವೆ. ಎಷ್ಟೋ ಕಡೆ ಅವು ಬೀರುವಿನೊಳಗೆ ಭದ್ರವಾಗಿವೆ, ಕಳೆದರೆ ಲೆಕ್ಕ ಕೊಡಬೇಕಲ್ಲ ಎಂಬ ಭಯದಿಂದ. ಮಕ್ಕಳ ಕೈಯಲ್ಲಿ ಸವೆದ ಸಾಮಗ್ರಿಗೆ ಯಾರೂ ವಿವರಣೆ ಕೇಳುವುದಿಲ್ಲ ಎಂದು ದಯವಿಟ್ಟು ಲಿಖಿತವಾಗಿ ತಿಳಿಸಿ.

ಕೊರತೆ ಇರುವುದು ಸಮಯಕ್ಕೆ ಮತ್ತು ಜನಕ್ಕೆ. ನಾನು ಹೇಳಿದ ಪಾಠ ನಲವತ್ತು ಮಕ್ಕಳ ಎದುರು ನಿಂತು ಮಾಡುವಂಥದ್ದಲ್ಲ. ಮೂರು ನಾಲ್ಕು ಮಕ್ಕಳ ಗುಂಪು ಬೇಕು, ದಿನಕ್ಕೆ ಅರ್ಧ ಗಂಟೆ ಬೇಕು, ವಾರಕ್ಕೊಮ್ಮೆ ಎರಡು ಗಂಟೆ ಕೂರಿಸಿದರೆ ನಡೆಯುವುದಿಲ್ಲ. ಪ್ರತಿ ಬ್ಲಾಕಿನಲ್ಲಿ ಇರುವ ಬಿಐಇಆರ್‌ಟಿಗಳು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ನಿಜಕ್ಕೂ ದುಡಿಯುವ ಜನ. ಹಾಸಿಗೆ ಹಿಡಿದ ಮಕ್ಕಳ ಮನೆ ಭೇಟಿಯಿಂದ ಹಿಡಿದು ಸಾಧನ ಸಲಕರಣೆ ಶಿಬಿರದವರೆಗೆ ಎಲ್ಲವೂ ಅವರ ತಲೆಯ ಮೇಲಿದೆ. ಇಡೀ ತಾಲ್ಲೂಕಿನ ಶಾಲೆ ಸುತ್ತುವವರು ಒಂದೇ ಮಗುವಿಗೆ ದಿನವೂ ಅರ್ಧ ಗಂಟೆ ಕೊಡುವುದಾದರೂ ಹೇಗೆ? ವಿಶೇಷ ಅಗತ್ಯವುಳ್ಳ ಹತ್ತು ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕು ಎಂಬ ಅನುಪಾತವನ್ನು ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲೇ ಹೇಳಿದೆ. ಆ ಹುದ್ದೆಗಳನ್ನು ತುಂಬುವುದು ಒಂದು ಕೆಲಸ. ಅಲ್ಲಿಯವರೆಗೆ ಪ್ರತಿ ಕ್ಲಸ್ಟರಿನಲ್ಲಿ ಆಸಕ್ತಿ ಇರುವ ಒಬ್ಬ ಗಣಿತ ಶಿಕ್ಷಕರನ್ನಾದರೂ ಆರಿಸಿ, ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ ಸರಿಯಾದ ತರಬೇತಿ ಕೊಡಿಸಿ, ಅವರ ವೇಳಾಪಟ್ಟಿಯಲ್ಲಿ ಈ ಅರ್ಧ ಗಂಟೆಯನ್ನು ಅಧಿಕೃತ ಪಿರಿಯಡ್ ಎಂದು ಗುರುತಿಸಬಹುದು. ಶಾಲೆ ಬಿಟ್ಟ ಮೇಲೆ ಮಾಡಿ ಎನ್ನಬೇಡಿ, ದೂರದ ಹಳ್ಳಿಯ ಮಕ್ಕಳು ಬಸ್ಸಿಗೆ ಓಡಬೇಕು.

ಇಲ್ಲೊಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ನಮ್ಮ ಶಾಲೆಗಳಲ್ಲಿ ಲೆಕ್ಕ ಬಾರದ ಮಕ್ಕಳು ಬೇಕಾದಷ್ಟಿದ್ದಾರೆ. ವಲಸೆ ಹೋಗಿ ಬಂದವರು, ಕೋವಿಡ್ ಕಾಲದಲ್ಲಿ ಬುನಾದಿಯೇ ತಪ್ಪಿಹೋದವರು, ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಓದಿದವರು. ಅವರೆಲ್ಲರಿಗೂ ಡಿಸ್ಕ್ಯಾಲ್ಕುಲಿಯಾ ಎಂಬ ಹಣೆಪಟ್ಟಿ ಹಚ್ಚಬೇಕೇ? ಖಂಡಿತ ಬೇಡ. ಸರಿಯಾಗಿ ಕಲಿಸಿ ನೋಡಿದಾಗ ವ್ಯತ್ಯಾಸ ಗೊತ್ತಾಗುತ್ತದೆ. 2022-23ರ ಕಲಿಕಾ ಚೇತರಿಕೆ ವರ್ಷದಲ್ಲಿ ಹಿಂದುಳಿದಿದ್ದ ಎಷ್ಟೋ ಮಕ್ಕಳು ಬುನಾದಿ ಗಟ್ಟಿ ಮಾಡಿಸಿದ ಕೂಡಲೇ ಚಿಗುರಿಕೊಂಡದ್ದನ್ನು ನಾವೆಲ್ಲ ಕಂಡಿದ್ದೇವೆ. ಅದೇ ಪಾಠ, ಅದೇ ಕಡ್ಡಿ, ಅದೇ ಗುಂಪಿನಲ್ಲಿ ಕೂತೂ ಒಂದಿಬ್ಬರು ಅಲ್ಲೇ ಉಳಿದರು. ತಜ್ಞರ ಬಳಿಗೆ ಕಳಿಸಬೇಕಾದದ್ದು ಅವರನ್ನು. ಆದ್ದರಿಂದ ಪಾಠ ಶುರು ಮಾಡಲು ಪ್ರಮಾಣಪತ್ರಕ್ಕೆ ಕಾಯಬೇಕಿಲ್ಲ. ಪಾಠ ಮೊದಲು, ಪತ್ರ ಆಮೇಲೆ.

ಏಕೆಂದರೆ ಆ ಪತ್ರದ ದಾರಿ ಬಡವರಿಗೆ ಬಹಳ ದೂರ. ಮಕ್ಕಳ ವೈದ್ಯರು ಕಣ್ಣು ಕಿವಿ ಎಲ್ಲ ಸರಿಯಿದೆಯೇ ನೋಡಬೇಕು, ಮನಶ್ಶಾಸ್ತ್ರಜ್ಞರು ಬುದ್ಧಿಮಟ್ಟದ ಪರೀಕ್ಷೆ ಮಾಡಬೇಕು, ಆಮೇಲೆ ಕಲಿಕಾ ನ್ಯೂನತೆಯ ಪರೀಕ್ಷೆ. 2018ರ ಮಾರ್ಗಸೂಚಿ ಸೂಚಿಸಿದ ಪರೀಕ್ಷಾ ಸಾಧನ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ್ದು ಎಂಬುದು ಹೆಮ್ಮೆಯ ಸಂಗತಿ. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇದೆ. ಆದರೆ ಯಾದಗಿರಿಯ ತಾಂಡಾದಲ್ಲಿ, ಬೀದರಿನ ಹಳ್ಳಿಯಲ್ಲಿ ಇರುವ ತಾಯಿ ಕೂಲಿ ಬಿಟ್ಟು, ಮಗುವನ್ನು ಕರೆದುಕೊಂಡು, ಒಂದಲ್ಲ ಎರಡಲ್ಲ ಹಲವು ಸಲ ಅಲ್ಲಿಗೆ ಓಡಾಡಬೇಕು ಎಂದರೆ ಆಗುವ ಮಾತಲ್ಲ. ಪ್ರಮಾಣಪತ್ರವೂ ಒಮ್ಮೆ ಪಡೆದರೆ ಮುಗಿಯಿತು ಎನ್ನುವಂತಿಲ್ಲ. 2018ರ ಮಾರ್ಗಸೂಚಿಯಂತೆ, ಎಂಟು ವರ್ಷದ ನಂತರ ಪಡೆದದ್ದನ್ನು ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಮತ್ತೆ ಮಾಡಿಸಬೇಕು. ನಗರದ ಖಾಸಗಿ ಶಾಲೆಯ ಪೋಷಕರು ಹೇಗೋ ಮಾಡಿಸಿಕೊಳ್ಳುತ್ತಾರೆ. ಅದಕ್ಕೇ ಈ ಸೌಲಭ್ಯ ಪಡೆಯುವವರಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಕಾಣುವುದೇ ಕಡಿಮೆ ಎಂದು ನನ್ನ ಅನಿಸಿಕೆ. ಜಿಲ್ಲಾ ಆಸ್ಪತ್ರೆಯ ತಂಡ ವರ್ಷಕ್ಕೆರಡು ಸಲ ತಾಲ್ಲೂಕಿಗೇ ಬಂದು, ಶಾಲೆಗಳು ಗುರುತಿಸಿದ ಮಕ್ಕಳನ್ನು ಅಲ್ಲೇ ಪರೀಕ್ಷಿಸುವ ಏರ್ಪಾಟು ಆಗಬೇಕು. ಕಣ್ಣಿನ ತಪಾಸಣೆಗೆ ಮಾಡುತ್ತೇವೆ, ಇದಕ್ಕೇಕೆ ಮಾಡಬಾರದು?

ಮತ್ತೆ ವಿನಾಯಿತಿಯ ವಿಷಯ. ಗಣಿತ ಬಿಟ್ಟು ಸಮಾಜಶಾಸ್ತ್ರ ತೆಗೆದುಕೊಂಡ ಮಗುವಿಗೆ ಪಿಯುಸಿಯ ವಿಜ್ಞಾನ, ಪಾಲಿಟೆಕ್ನಿಕ್ ಡಿಪ್ಲೊಮಾದಂಥ ಬಾಗಿಲುಗಳು ಮುಚ್ಚುತ್ತವೆ. ಇದನ್ನು ಪೋಷಕರಿಗೆ ಬಿಡಿಸಿ ಹೇಳಿ, ಒಂಬತ್ತನೇ ತರಗತಿಗೂ ಮೊದಲೇ ಯೋಚಿಸಿ ನಿರ್ಧರಿಸಲು ಬಿಡಬೇಕು. ಪರೀಕ್ಷೆಯ ಅರ್ಜಿ ತುಂಬುವ ಗಡಿಬಿಡಿಯಲ್ಲಿ, ಶಾಲೆಯ ಫಲಿತಾಂಶ ಕೆಡಬಾರದೆಂಬ ಕಾರಣಕ್ಕೆ ಸಹಿ ಹಾಕಿಸಿಕೊಳ್ಳುವುದು ತಪ್ಪು. ಸಿಬಿಎಸ್‌ಇ ಹತ್ತನೇ ತರಗತಿಯಲ್ಲಿ 2020ರ ಪರೀಕ್ಷೆಯಿಂದಲೇ ಬೇಸಿಕ್ ಮತ್ತು ಸ್ಟ್ಯಾಂಡರ್ಡ್ ಎಂದು ಎರಡು ಮಟ್ಟದ ಗಣಿತ ಪತ್ರಿಕೆಗಳಿವೆ, ವಿಶೇಷ ಅಗತ್ಯದ ಮಕ್ಕಳಿಗೆ ಸಾಧಾರಣ ಕ್ಯಾಲ್ಕ್ಯುಲೇಟರ್ ಬಳಸಲೂ ಅವಕಾಶವಿದೆ. ನಮ್ಮಲ್ಲೂ ನಡುವಿನ ದಾರಿಯೊಂದು ಬೇಕು. ಕೂಲಿಯ ಲೆಕ್ಕ, ಸಂಘದ ಸಾಲದ ವಾರದ ಕಂತು, ಬಡ್ಡಿ, ಶೇಕಡಾವಾರು, ಅಳತೆ, ಔಷಧದ ಪ್ರಮಾಣ, ವಿದ್ಯುತ್ ಬಿಲ್ಲು ಇವನ್ನೇ ಹೂರಣವಾಗಿಟ್ಟುಕೊಂಡ, ಕ್ಯಾಲ್ಕ್ಯುಲೇಟರ್ ಬಳಸಬಹುದಾದ ಒಂದು ಗಣಿತ ಪತ್ರಿಕೆಯನ್ನು ಪರೀಕ್ಷಾ ಮಂಡಳಿ ರೂಪಿಸಬಹುದು. ಪೂರ್ತಿ ವಿನಾಯಿತಿ ಪಡೆದ ಮಗುವಿಗೂ ಈ ಪಾಠ ಹತ್ತನೇ ತರಗತಿಯ ಕೊನೆಯವರೆಗೆ ಸಿಗಬೇಕು. ಪರೀಕ್ಷೆ ಬರೆಯದಿದ್ದರೂ ಆ ಹುಡುಗಿ ನಾಳೆ ಸಾಲದ ಪುಸ್ತಕಕ್ಕೆ ಸಹಿ ಹಾಕಲೇಬೇಕಲ್ಲ.

ಪೋಷಕರಿಗೂ ಎರಡು ಮಾತು, ಅವರೂ ಈ ಪತ್ರ ಓದಬಹುದು ಎಂದುಕೊಂಡು. ದಯವಿಟ್ಟು ಹೊಡೆಯಬೇಡಿ. ಅಕ್ಕನ ಅಂಕಪಟ್ಟಿ ತೋರಿಸಿ ಹೋಲಿಸಬೇಡಿ. ವೇಗವಾಗಿ ಲೆಕ್ಕ ಮಾಡಿಸುವ ಅಬಾಕಸ್ ಕ್ಲಾಸು, ವೇದಗಣಿತದ ಕ್ಲಾಸುಗಳಿಗೆ ಸಾವಿರಾರು ರೂಪಾಯಿ ಸುರಿಯಬೇಡಿ; ಈ ಮಗುವಿಗೆ ಬೇಕಿರುವುದು ವೇಗವಲ್ಲ. ಮನೆಯಲ್ಲಿ ರೊಟ್ಟಿ ಎಣಿಸಲಿ, ಅಕ್ಕಿ ಅಳೆಯಲಿ, ಚೌಕಾಬಾರ ಆಡಲಿ. ತಪ್ಪಿದರೆ ಮತ್ತೆ ಎಣಿಸಲು ಬಿಡಿ.

ಸಚಿವರೇ, 2021ರ ಜುಲೈನಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆಯ ಪ್ರಕಾರ 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಬುನಾದಿ ಸಂಖ್ಯಾಜ್ಞಾನ ಬರಬೇಕು. 'ಪ್ರತಿ ಮಗು' ಎಂಬ ಮಾತಿನಲ್ಲಿ ಈ ಮಕ್ಕಳೂ ಇದ್ದಾರೆ ಎಂದಾದರೆ, ಮುಂದಿನ ಶಾಲಾ ವರ್ಷದ ಕ್ಯಾಲೆಂಡರ್ ಅಚ್ಚಾಗುವ ಮೊದಲು ಎರಡು ಕೆಲಸ ಮಾಡಿಸಿ. ಮೂರನೇ ತರಗತಿಯ ತಪಾಸಣೆ ಯಾವ ವಾರ ನಡೆಯುತ್ತದೆ ಎಂಬುದನ್ನು ಅದರಲ್ಲಿ ನಮೂದಿಸಿ. ಆ ತಪಾಸಣೆಗೆ ಬೇಕಾದ ಒಂದು ಪುಟದ ಕನ್ನಡ ಹಾಳೆಯನ್ನು ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯಿಂದ ಮಾಡಿಸಿ: ಚುಕ್ಕಿ ಗುರುತಿಸುವುದು, ಎರಡು ಸಂಖ್ಯೆಗಳಲ್ಲಿ ದೊಡ್ಡದು ಹೇಳುವುದು, ಕೇಳಿದ ಸಂಖ್ಯೆ ಬರೆಯುವುದು, ಹತ್ತರೊಳಗಿನ ಕೂಡುವ ಕಳೆಯುವ ಲೆಕ್ಕ, ಸಂಖ್ಯಾರೇಖೆಯಲ್ಲಿ ಜಾಗ ತೋರಿಸುವುದು. ಕನ್ನಡದ ಹಾಳೆ ಸಾಕಾಗದ ಗಡಿ ತಾಲ್ಲೂಕುಗಳಿಗೆ ಉರ್ದು, ಮರಾಠಿ, ತೆಲುಗು ಮಾಧ್ಯಮದವರಿಗೂ ಅದನ್ನು ಒದಗಿಸಿ. ಮಗು ಎಲ್ಲಿ ಎಡವುತ್ತದೆ ಎಂಬುದನ್ನು ಸ್ಯಾಟ್ಸ್‌ನಲ್ಲಿ ದಾಖಲಿಸಲು ಒಂದು ಜಾಗ ಕೊಡಿ, ಆಗ ಪ್ರೌಢಶಾಲೆಯ ಶಿಕ್ಷಕರು ಮತ್ತೆ ಮೊದಲಿನಿಂದ ಹುಡುಕಬೇಕಾಗುವುದಿಲ್ಲ. ಹಾಳೆಯ ಕರಡು ತಯಾರಿಸಲು ತರಗತಿಯಲ್ಲಿ ಪಾಠ ಮಾಡುವ ಶಿಕ್ಷಕರು ಬೇಕೆಂದರೆ, ಕರೆಯಿರಿ. ನಾನೂ ಬರುತ್ತೇನೆ, ನನ್ನಂಥ ಇನ್ನೂ ಹಲವರು ಬರಲು ಸಿದ್ಧರಿದ್ದಾರೆ.

ಗೌರವಪೂರ್ವಕವಾಗಿ,

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಒಬ್ಬ ಗಣಿತ ಶಿಕ್ಷಕಿ